ಮಗು ಕಾಣದಾದಾಗ 112, 1098, ವಾತ್ಸಲ್ಯ ಪೋರ್ಟಲ್, ಊರಿನ ವಾಟ್ಸ್‌ಆ್ಯಪ್ ಗುಂಪು: ತುಮಕೂರಿನವರಿಗಾಗಿ ಒಂದು ವಿಮರ್ಶೆ

ತುಮಕೂರಿನ ಯಾವ ಬಡಾವಣೆಯ ಗುಂಪಾದರೂ ಸರಿ, ಕಾಣೆಯಾದ ಮಗುವಿನ ಫೋಟೊ ಬಿದ್ದ ಹತ್ತು ನಿಮಿಷದೊಳಗೆ ಊಹೆ ಶುರುವಾಗುತ್ತದೆ. ಬಿಳಿ ಓಮ್ನಿ ಸುತ್ತಾಡುತ್ತಿತ್ತಂತೆ, ಬೆಡ್‌ಶೀಟ್ ಮಾರುವವರು ಬಂದಿದ್ದರಂತೆ, ಮನೆಯಲ್ಲೇ ಏನೋ ಜಗಳವಂತೆ. ಈ ‘ಅಂತೆ’ಗಳ ಹಿಂದೆ ಕೆಟ್ಟ ಮನಸ್ಸಿರುವುದಿಲ್ಲ, ಕೈಕಟ್ಟಿ ಕೂರಲಾಗದ ಸಂಕಟ ಇರುತ್ತದೆ. ಆದರೆ ಮಗು ಸಿಗುವುದು ‘ಅಂತೆ’ಯಿಂದಲ್ಲ. ಅದನ್ನು ಹುಡುಕಲು ಬಿಡಿಗಾಸಿನ ಖರ್ಚಿಲ್ಲದ ಮೂರು ಸರ್ಕಾರಿ ಸೇವೆಗಳಿವೆ: ತುರ್ತು ಕರೆಯ 112, ಮಕ್ಕಳ ಸಹಾಯವಾಣಿ 1098, ಕಾಣೆಯಾದ ಮತ್ತು ಸಿಕ್ಕ ಮಕ್ಕಳ ವಿವರವಿರುವ ವಾತ್ಸಲ್ಯ ಪೋರ್ಟಲ್. ನಾಲ್ಕನೆಯದು ಜನ ತಾವೇ ಕಟ್ಟಿಕೊಂಡ ವಾಟ್ಸ್‌ಆ್ಯಪ್ ಜಾಲ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ತೂಗಿದರೆ ಬರುವ ತೀರ್ಪು ಇದು: ಮೊದಲು 112, ಅದರ ಬೆನ್ನಿಗೇ ಠಾಣೆ, ಆಮೇಲೆ 1098. ಪೋರ್ಟಲ್ ದೂರದ ಹುಡುಕಾಟಕ್ಕೆ. ವಾಟ್ಸ್‌ಆ್ಯಪ್ ಕೊನೆಗೆ, ಅದೂ ಒಂದೇ ಒಂದು ಸಂದೇಶಕ್ಕೆ.

ಇದಕ್ಕೂ ಮುಂಚಿನ ಕೆಲಸವೊಂದಿದೆ, ಗುಂಪಿನ ಊಹೆಗಳಲ್ಲಿ ಅದು ಬರುವುದೇ ಇಲ್ಲ. ಐದಾರು ವರ್ಷದೊಳಗಿನ ಮಗುವಾದರೆ ಮೊದಲು ನೋಡಬೇಕಾದದ್ದು ನೀರು. ಮನೆಯ ಸಂಪಿನ ಮುಚ್ಚಳ, ಪಕ್ಕದ ಕಟ್ಟಡದ ಸಂಪು, ಹಳ್ಳಿಯಾದರೆ ಕೃಷಿ ಹೊಂಡ, ತೆರೆದ ಬಾವಿ, ಮುಚ್ಚದೆ ಬಿಟ್ಟ ಕೊಳವೆಬಾವಿ. ಆಮೇಲೆ ನಿಂತ ಕಾರುಗಳು: ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮಗು ಬೇಸಿಗೆಯ ಬಿಸಿಲಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಮಂಚದ ಕೆಳಗೆ, ಬೀರುವಿನ ಹಿಂದೆ, ಟೆರೇಸಿನ ಟ್ಯಾಂಕಿನ ಬಳಿಯೂ ನೋಡಬೇಕು. ಇದಿಷ್ಟನ್ನು ಇಬ್ಬರು ನೋಡುತ್ತಿರುವಾಗ ಮೂರನೆಯವರು ಫೋನ್ ಮಾಡುತ್ತಿರಬೇಕು. ಒಂದು ಮುಗಿಯಲಿ ಎಂದು ಇನ್ನೊಂದು ಕಾಯಬಾರದು.

112ಕ್ಕೆ ಮೊದಲ ಸ್ಥಾನ ಕೊಡಲು ಕಾರಣ ನಮ್ಮೂರಿನ ಭೂಗೋಳ. ತುಮಕೂರು ಹೆದ್ದಾರಿಯ ಊರು, ರೈಲಿನ ಊರು. ಬೆಂಗಳೂರು 70 ಕಿಲೋಮೀಟರ್, ಬಸ್ಸು ನಿಮಿಷಕ್ಕೊಂದು. ಸ್ಟ್ಯಾಂಡಿನಲ್ಲಿ ಹತ್ತಿದ ಹತ್ತು ವರ್ಷದ ಹುಡುಗ ಎರಡು ಗಂಟೆಯೊಳಗೆ ಮೆಜೆಸ್ಟಿಕ್‌ನ ಜನಸಾಗರದಲ್ಲಿರುತ್ತಾನೆ. ರೈಲಾದರೆ ಒಂದು ದಿಕ್ಕಿಗೆ ಯಶವಂತಪುರ, ಇನ್ನೊಂದು ದಿಕ್ಕಿಗೆ ತಿಪಟೂರು, ಅರಸೀಕೆರೆ, ಅಲ್ಲಿಂದಾಚೆ ಎಲ್ಲಿಗಾದರೂ. ಆದ್ದರಿಂದ ಕರೆ ಎತ್ತಿದವರಿಗೆ ‘ಮಗು ಕಾಣಿಸುತ್ತಿಲ್ಲ’ ಎಂದು ಹೇಳಿ ಸುಮ್ಮನಾಗಬೇಡಿ. ‘ಬಸ್ ನಿಲ್ದಾಣ, ತುಮಕೂರು ಮತ್ತು ಕ್ಯಾತ್ಸಂದ್ರ ರೈಲು ನಿಲ್ದಾಣ, ಹೆದ್ದಾರಿಯ ಟೋಲ್‌ಗಳಿಗೆ ತಿಳಿಸಿ’ ಎಂದು ಬಾಯಿಬಿಟ್ಟು ಕೇಳಿ. ರೈಲಿನ ಅನುಮಾನ ಚೂರಾದರೂ ಇದ್ದರೆ ರೈಲ್ವೆಯ 139ಕ್ಕೂ ಇನ್ನೊಬ್ಬರು ಕರೆ ಮಾಡಲಿ. ರೈಲ್ವೆ ರಕ್ಷಣಾ ಪಡೆಗೆ ಒಂಟಿ ಮಕ್ಕಳನ್ನು ಗುರುತಿಸಿ ಇಳಿಸಿಕೊಳ್ಳುವುದು ಹೊಸ ಕೆಲಸವಲ್ಲ, ಯಾವ ಬಟ್ಟೆಯ ಮಗು ಎಂದು ಗೊತ್ತಿದ್ದರೆ ಸಾಕು.

112ರಲ್ಲೂ 1098ರಲ್ಲೂ ನಮ್ಮೂರಿನವರು ಎಡವುವುದು ವಿಳಾಸದಲ್ಲಿ. ಕರೆ ಎತ್ತುವವರು ತುಮಕೂರಿನಲ್ಲಿ ಕೂತಿರುವುದಿಲ್ಲ, ರಾಜ್ಯದ ನಿಯಂತ್ರಣ ಕೊಠಡಿಯಲ್ಲಿರುತ್ತಾರೆ. ‘ಶಿರಾ ಗೇಟ್ ಹತ್ತಿರ’ ಅಂದರೆ ಅವರ ಕಿವಿಗೆ ಶಿರಾ ತಾಲ್ಲೂಕು ಬೀಳಬಹುದು, ‘ಗುಬ್ಬಿ ಗೇಟ್’ ಅಂದರೆ ಗುಬ್ಬಿ, ‘ಕುಣಿಗಲ್ ರೋಡ್’ ಅಂದರೆ ಕುಣಿಗಲ್. ಮೂರೂ ಬೇರೆ ಬೇರೆ ತಾಲ್ಲೂಕು, ಮೂರೂ ನಗರದಿಂದ ದೂರ. ‘ತುಮಕೂರು ಜಿಲ್ಲೆ, ತುಮಕೂರು ನಗರ’ ಎಂದು ಮೊದಲು ಹೇಳಿ, ಆಮೇಲೆ ಗೇಟು, ಆಮೇಲೆ ಅಡ್ಡರಸ್ತೆ, ಕೊನೆಗೆ ಎಲ್ಲರಿಗೂ ಕಾಣುವ ಒಂದು ಗುರುತು: ಶಾಲೆ, ಪೆಟ್ರೋಲ್ ಬಂಕ್, ದೇವಸ್ಥಾನ.

ಠಾಣೆಯ ವಿಷಯಕ್ಕೆ ಬಂದರೆ, ಕಾನೂನು ಗಟ್ಟಿಯಾಗಿದೆ, ಕೌಂಟರಿನಲ್ಲಿ ಅದು ಕೆಲವೊಮ್ಮೆ ಸಡಿಲಾಗುತ್ತದೆ. ‘24 ಗಂಟೆ ನೋಡಿ, ಆಮೇಲೆ ಬನ್ನಿ’ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನ ಎಂಬ ಮಕ್ಕಳ ಹಕ್ಕುಗಳ ಸಂಘಟನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: 18 ವರ್ಷದೊಳಗಿನ ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು, ಅಪಹರಣ ಅಥವಾ ಸಾಗಾಟ ನಡೆದಿದೆ ಎಂದೇ ಆರಂಭದಲ್ಲಿ ಭಾವಿಸಿ ತನಿಖೆ ನಡೆಸಬೇಕು. ನಮ್ಮ ಊಹಾಪಟುಗಳು ಇಲ್ಲೊಂದು ಗೊಂದಲ ಮಾಡಿಕೊಳ್ಳುತ್ತಾರೆ. ಎಫ್‌ಐಆರ್‌ನಲ್ಲಿ ಅಪಹರಣದ ಕಲಂ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 137, ಕಂಡ ಕೂಡಲೇ ‘ಪೊಲೀಸರೇ ಕಿಡ್ನ್ಯಾಪ್ ಅಂದಿದ್ದಾರೆ’ ಎಂಬ ಸಂದೇಶ ಹಾರುತ್ತದೆ. ಆ ಕಲಂ ಹಾಕುವುದು ತನಿಖೆ ಬಿಗಿಯಾಗಲಿ ಎಂದು. ಯಾರೋ ಎತ್ತಿಕೊಂಡು ಹೋದರು ಎಂಬ ಪುರಾವೆ ಅದಲ್ಲ. ಸ್ನೇಹಿತನ ಮನೆಯಲ್ಲಿ ಮಲಗಿದ್ದ ಹುಡುಗನ ಕೇಸಿನಲ್ಲೂ ಅದೇ ಕಲಂ ಇರುತ್ತದೆ.

ಘಟನೆ ಯಾವ ಠಾಣೆಯ ಸರಹದ್ದು ಎಂಬ ತಕರಾರು ಬಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ತೋರಿಸಬಹುದು. ಸರಹದ್ದು ಯಾವುದಾದರೂ ದೂರು ತೆಗೆದುಕೊಳ್ಳಲೇಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಒಪ್ಪದಿದ್ದರೆ ಅದೇ ದೂರನ್ನು ಬರಹದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳಿಸಿ. ಪ್ರತಿ ಠಾಣೆಯಲ್ಲೂ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರ ಹೆಸರನ್ನು ಕೇಳಿ ಬರೆದುಕೊಳ್ಳಿ. ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ತನಿಖೆ ಮಾನವ ಸಾಗಾಟ ತಡೆ ಘಟಕಕ್ಕೆ ಹೋಗಬೇಕೆಂದು 2016ರ ಬಾಲನ್ಯಾಯ ಮಾದರಿ ನಿಯಮಗಳು ಹೇಳುತ್ತವೆ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು, ಬಂದಾಗ ಕೇಳಿ.

ಠಾಣೆಗೆ ಕೊಡುವ ಫೋಟೊ ಕಳೆದ ಆರು ತಿಂಗಳೊಳಗಿನದಾಗಿರಲಿ. ಎರಡು ಬೇಕು: ಮುಖ ನೇರವಾಗಿ ಕಾಣುವ ಒಂದು, ತಲೆಯಿಂದ ಪಾದದವರೆಗೆ ಇನ್ನೊಂದು. ಸ್ಟುಡಿಯೋದಲ್ಲಿ ಮೇಕಪ್ ಮಾಡಿ ತೆಗೆಸಿದ ಹುಟ್ಟುಹಬ್ಬದ ಚಿತ್ರ ಉಪಯೋಗಕ್ಕೆ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮಾಮೂಲಿನಂತೆ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಕಿವಿಯ ಮಚ್ಚೆ, ಹುಬ್ಬಿನ ಗಾಯದ ಕಲೆ ಅಳಿಸಿಹೋಗುತ್ತವೆ. ಎತ್ತರ, ತೊಟ್ಟ ಬಟ್ಟೆ, ಚಪ್ಪಲಿಯ ಬಣ್ಣ, ಓಲೆ ಅಥವಾ ಕರಿದಾರ, ಆಡುವ ಭಾಷೆ, ಮನೆಯಲ್ಲಿ ಕರೆಯುವ ಹೆಸರು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅದರ ಹತ್ತು ಜೆರಾಕ್ಸ್ ಇಟ್ಟುಕೊಳ್ಳಿ.

ಮನೆಯ ಹೆಸರು ಸಣ್ಣ ವಿಷಯ ಎನಿಸಬಹುದು. ಪೋರ್ಟಲ್‌ನ ಸೋಲು ಗೆಲುವು ಅಲ್ಲೇ ಇದೆ. ಮಿಷನ್ ವಾತ್ಸಲ್ಯ ಪೋರ್ಟಲ್‌ನಲ್ಲಿ ಹಿಂದಿನ ಟ್ರ್ಯಾಕ್ ಚೈಲ್ಡ್, 2015ರಲ್ಲಿ ಬಂದ ಖೋಯಾ ಪಾಯಾ, ಈ ಎರಡು ಜಾಲತಾಣಗಳೂ ಸೇರಿವೆ. ಒಂದು ಕಡೆಯಿಂದ ಠಾಣೆಗಳು ಕಾಣೆಯಾದ ಮಕ್ಕಳ ವಿವರ ತುಂಬುತ್ತವೆ, ಇನ್ನೊಂದು ಕಡೆಯಿಂದ ಬಾಲಮಂದಿರಗಳು ತಮ್ಮಲ್ಲಿಗೆ ಬಂದ ಮಕ್ಕಳ ವಿವರ ತುಂಬುತ್ತವೆ, ಎರಡನ್ನೂ ಹೊಂದಿಸಿ ನೋಡುವುದು ಇದರ ಕೆಲಸ. ಯೋಜನೆ ಒಳ್ಳೆಯದು. ಆದರೆ ಪಾವಗಡದ ಮಗು ಹಿಂದೂಪುರದಲ್ಲಿ ಸಿಕ್ಕಿತೆಂದುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಶ್ರೀನಿವಾಸ, ಕೇಳಿದವರಿಗೆ ಅದು ಹೇಳಿದ್ದು ಸೀನ, ಅಲ್ಲಿಯವರು ಬರೆದುಕೊಂಡದ್ದು ಶೀನು, ಮಾತೃಭಾಷೆ ತೆಲುಗು, ರಾಜ್ಯ ಆಂಧ್ರ ಎಂದು. ಇಲ್ಲಿ ದಾಖಲಾದ ಹೆಸರಿಗೂ ಅಲ್ಲಿ ದಾಖಲಾದ ಹೆಸರಿಗೂ ತಾಳೆಯೇ ಆಗದು. ಪಾವಗಡ, ಮಧುಗಿರಿಯ ಗಡಿಯಲ್ಲಿ, ಹಾಗೆಯೇ ಗೌರಿಬಿದನೂರು, ಮುಳಬಾಗಿಲಿನ ಕಡೆ, ಎರಡು ಭಾಷೆ ಆಡುವ ಮಕ್ಕಳೇ ಹೆಚ್ಚು. ಆದ್ದರಿಂದ ಹೆಸರಿನಿಂದ ಹುಡುಕುವುದನ್ನು ಬಿಟ್ಟು ವಯಸ್ಸು, ಲಿಂಗ, ಸಿಕ್ಕಿದ ದಿನಾಂಕದಿಂದ ಹುಡುಕಿ. ವಯಸ್ಸನ್ನೂ ಎರಡು ವರ್ಷ ಹಿಂದೆ ಮುಂದೆ ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಬರೆದ ವಯಸ್ಸು ಕಣ್ಣಂದಾಜು. ಪಕ್ಕದ ರಾಜ್ಯದ ಪಟ್ಟಿಯನ್ನು ಬಿಡದೆ ನೋಡಿ. ಮೊದಲ ದಿನಕ್ಕೆ ಈ ಪೋರ್ಟಲ್ ತೀರಾ ನಿಧಾನ. ಒಂದು ವಾರ ದಾಟಿದ ಮೇಲೆ ಇದರಷ್ಟು ಬೆಲೆಯುಳ್ಳದ್ದು ಬೇರೆ ಇಲ್ಲ.

1098 ಶುರುವಾದದ್ದು 1996ರಲ್ಲಿ ಮುಂಬಯಿಯಲ್ಲಿ. ಬಹುಕಾಲ ಸಂಘ ಸಂಸ್ಥೆಗಳೇ ಇದರ ಕ್ಷೇತ್ರ ಕೆಲಸ ನಡೆಸುತ್ತಿದ್ದವು. 2023ರಿಂದ ರಾಜ್ಯ ಸರ್ಕಾರಗಳು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ನಡೆಸುತ್ತಿವೆ, 112ರ ಜೊತೆ ಜೋಡಣೆಯೂ ಆಗಿದೆ. ಇದರ ನಿಜವಾದ ಶಕ್ತಿ ಕಾಣುವುದು ಮಗು ಕಳೆದುಕೊಂಡವರಿಗಿಂತ ಮಗು ಸಿಕ್ಕವರಿಗೆ. ಸಿದ್ಧಗಂಗೆಯ ಜಾತ್ರೆಯಲ್ಲೋ ಗೊರವನಹಳ್ಳಿಯ ಶುಕ್ರವಾರದ ಜಂಗುಳಿಯಲ್ಲೋ ಅಳುತ್ತಾ ನಿಂತ ಮಗು ಕಂಡರೆ ಸುತ್ತ ನಿಂತವರ ಕೈ ಮೊದಲು ಹೋಗುವುದು ಕ್ಯಾಮೆರಾಕ್ಕೆ. ಹೋಗಬೇಕಾದದ್ದು ಈ ನಾಲ್ಕು ಅಂಕಿಗೆ. ಮಗುವನ್ನು ಸಿಕ್ಕ ಜಾಗದಿಂದ ದೂರ ಒಯ್ಯಬೇಡಿ, ತಂದೆತಾಯಿ ಅಲ್ಲಿಗೇ ಮರಳಿ ಬರುತ್ತಾರೆ. ಜಾತ್ರೆಯಾದರೆ ಮೈಕಿನವರಿಗೆ ಹೇಳಿ, ಮೈಕಿನಲ್ಲಿ ಬಟ್ಟೆಯ ಬಣ್ಣ ಹೇಳಿಸಬೇಡಿ, ಹೆಸರನ್ನಷ್ಟೇ ಹೇಳಿಸಿ. ಬಣ್ಣ ಹೇಳುವುದು ಕೇಳಿಕೊಂಡು ಬಂದವರ ಕೆಲಸ, ಅದೇ ಅವರು ನಿಜವಾದ ಮನೆಯವರೆಂಬುದಕ್ಕೆ ಮೊದಲ ಪರೀಕ್ಷೆ. ಒಂಟಿ ಮಗು ಸಿಕ್ಕದ್ದನ್ನು 24 ಗಂಟೆಯೊಳಗೆ ತಿಳಿಸದಿರುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ. ‘ಮನೆಯಲ್ಲಿಟ್ಟುಕೊಂಡು ಗುಂಪಿನಲ್ಲಿ ಹಾಕಿದ್ದೇವೆ’ ಎಂಬುದು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ ಆ ಕಾಯ್ದೆಗೆ ಸಾಲದು.

ಇನ್ನು ಸಿಸಿಟಿವಿ. ಊಹೆಗೆ ಅತಿ ಹೆಚ್ಚು ಮೇವು ಸಿಗುವುದು ಇಲ್ಲಿಂದಲೇ. ಅಂಗಡಿಯ ಮಾನಿಟರನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹರಿಬಿಡುತ್ತಾರೆ. ಅದರಲ್ಲಿ ಗೆರೆಗಳು ಓಡುತ್ತವೆ, ಗಾಡಿಯ ನಂಬರು ಕರಗಿಹೋಗುತ್ತದೆ, ಮೂಲೆಯಲ್ಲಿನ ಸಮಯ ಕತ್ತರಿಸಿಹೋಗುತ್ತದೆ. ಆಮೇಲೆ ಯಾರೋ ಒಬ್ಬರು ಅದನ್ನು ಎಐ ಆ್ಯಪ್‌ಗೆ ಹಾಕಿ ‘ಕ್ಲಿಯರ್ ಮಾಡಿದ್ದೇನೆ’ ಎಂದು ಮುಖವೊಂದನ್ನು ಹೊರಡಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಹತ್ತಾರು ಪಿಕ್ಸೆಲ್‌ನಲ್ಲಿ ಇಲ್ಲದ ಮೂಗು ಕಣ್ಣನ್ನು ಆ ಆ್ಯಪ್ ತಾನೇ ಕಲ್ಪಿಸಿ ತುಂಬುತ್ತದೆ. ಹೊರಬಂದ ಮುಖ ಈ ಭೂಮಿಯ ಮೇಲೆ ಯಾರದ್ದೋ ಮುಖಕ್ಕೆ ಹೋಲುತ್ತದೆ, ಆ ಯಾರೋ ನಾಳೆ ಬಟವಾಡಿಯಲ್ಲಿ ಬಸ್ಸಿಗೆ ಕಾಯುತ್ತಿರಬಹುದು.

ಅಂಗಡಿಯವರು ಮಾಡಬಹುದಾದ ಸರಿಯಾದ ಕೆಲಸ ಹೀಗಿದೆ. ಡಿವಿಆರ್‌ನ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆಯ) ಗಡಿಯಾರವನ್ನು ನಿಮ್ಮ ಮೊಬೈಲಿನ ಗಡಿಯಾರದ ಪಕ್ಕ ಹಿಡಿದು ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂದು ಬರೆದುಕೊಳ್ಳಿ. ಕರೆಂಟು ಹೋಗಿ ಬಂದ ಅಂಗಡಿಗಳಲ್ಲಿ ಗಂಟೆಗಟ್ಟಲೆ ತಪ್ಪಿರುತ್ತದೆ, ‘ಆ ಹೊತ್ತಿಗೆ ಮಗು ಶಾಲೆಯಲ್ಲಿತ್ತಲ್ಲ’ ಎಂಬ ವಾದಗಳೆಲ್ಲ ಹುಟ್ಟುವುದು ಇದರಿಂದಲೇ. ಮಗು ಕೊನೆಗೆ ಕಂಡ ಹೊತ್ತಿನ ಒಂದು ಗಂಟೆ ಮುಂಚಿನಿಂದ ಎರಡು ಗಂಟೆ ಆಚೆಯವರೆಗಿನ ತುಣುಕನ್ನು ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದು ಪೊಲೀಸರಿಗೆ ಕೊಡಿ. ಹಾರ್ಡ್ ಡಿಸ್ಕ್ ತುಂಬಿದೊಡನೆ ಹಳೆಯದರ ಮೇಲೆ ಹೊಸದು ಕೂರುತ್ತದೆ, ಹಾಗಾಗಿ ‘ಕೇಳಿದಾಗ ಕೊಟ್ಟರಾಯಿತು’ ಎಂದು ಬಿಡಬೇಡಿ. ಆ ತುಣುಕು ಕೋರ್ಟಿನಲ್ಲಿ ಸಾಕ್ಷ್ಯವಾಗಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಪೊಲೀಸರು ಕೇಳಿದಾಗ ಸಹಿ ಹಾಕಲು ಹಿಂಜರಿಯಬೇಡಿ.

ವಾಟ್ಸ್‌ಆ್ಯಪ್ ಗುಂಪಿನ ವೇಗವನ್ನು ಅಲ್ಲಗಳೆಯುವಂತಿಲ್ಲ. ಆಟೋ ಸ್ಟ್ಯಾಂಡು, ಹೂವಿನ ಅಂಗಡಿ, ಬೀಡಾ ಅಂಗಡಿಗೆ ಐದು ನಿಮಿಷದಲ್ಲಿ ಮುಟ್ಟುವ ಇನ್ನೊಂದು ದಾರಿ ಇಲ್ಲ. ಆ ವೇಗವೇ ಏನು ಮಾಡಬಲ್ಲದು ಎಂಬುದನ್ನು 2018ರಲ್ಲಿ ಕಂಡಿದ್ದೇವೆ. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಗೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಯುವಕ ಬಲಿಯಾದ. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ, ಹೈದರಾಬಾದಿನ ಎಂಜಿನಿಯರ್ ಬಲಿಯಾದ. ಆಗ ಹರಿದಾಡಿದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರದ ತುಂಡು. ಮಗುವನ್ನು ಹಿಂತಿರುಗಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದ್ದರು. ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಭಾರತದಲ್ಲಿ ಬಂದದ್ದು ಆ ಜುಲೈಯ ನಂತರವೇ.

ಪೊಲೀಸರು, ಪತ್ರಿಕೆಗಳು, ದುಡ್ಡು ಎಲ್ಲವೂ ಹಿಂದೆ ನಿಂತ ಕಡೆಯಲ್ಲೂ ಊಹೆ ಮಗುವನ್ನು ತಂದುಕೊಟ್ಟಿಲ್ಲ. 2007ರ ಮೇ 3ರಂದು ಪೋರ್ಚುಗಲ್‌ನಲ್ಲಿ ಕಾಣೆಯಾದ ಬ್ರಿಟಿಷ್ ಬಾಲಕಿ ಮ್ಯಾಡಲೀನ್ ಮೆಕ್ಯಾನ್ ಪ್ರಕರಣದಲ್ಲಿ, ಅಲ್ಲಿನ ನಿವಾಸಿಯೊಬ್ಬರ ಮೇಲೆ ಬೆರಳು ತೋರಿದ ಬ್ರಿಟಿಷ್ ಪತ್ರಿಕೆಗಳು 2008ರಲ್ಲಿ ಅವರಿಗೆ 6 ಲಕ್ಷ ಪೌಂಡ್ ಪರಿಹಾರ ಕೊಡಬೇಕಾಯಿತು. ತಂದೆತಾಯಿಯನ್ನೇ ಸಂಶಯಿಸಿ ಬರೆದ ಪತ್ರಿಕಾ ಬಳಗ 5.5 ಲಕ್ಷ ಪೌಂಡ್ ಕೊಟ್ಟು ಮುಖಪುಟದಲ್ಲಿ ಕ್ಷಮೆ ಕೇಳಿತು. ನಮ್ಮ ಬಡಾವಣೆಯ ಬೆಡ್‌ಶೀಟ್ ಮಾರುವವನಿಗೆ ಆ ನ್ಯಾಯ ಸಿಗುವುದಿಲ್ಲ.

ಹಾಗಾದರೆ ಗುಂಪಿಗೆ ಹಾಕುವ ಆ ಒಂದು ಸಂದೇಶ ಹೇಗಿರಬೇಕು? ಫೋಟೊ, ವಯಸ್ಸು, ಬಟ್ಟೆ, ಕೊನೆಗೆ ಕಂಡ ಜಾಗ, ಕಂಡ ಹೊತ್ತು, ದಿನಾಂಕ, ಠಾಣೆಯ ನಂಬರು, 112. ಇಷ್ಟೇ. ತಾಯಿಯ ಮೊಬೈಲ್ ನಂಬರು ಬೇಡವೇ ಬೇಡ. ‘ಮಗು ನಮ್ಮ ಹತ್ತಿರ ಇದೆ, ಫೋನ್‌ಪೇ ಮಾಡಿ’ ಎನ್ನುವ ವಂಚಕರು ಕರೆ ಮಾಡುವುದು ಆ ನಂಬರಿಗೇ, ಅವರ ಕರೆಗಳ ನಡುವೆ ನಿಜವಾದ ಕರೆ ಕಳೆದುಹೋಗುತ್ತದೆ. ಮನೆ ವಿಳಾಸ, ಜಾತಿ, ತಂದೆತಾಯಿಯ ಜಗಳ ಇವೂ ಬೇಡ. ದೊಡ್ಡ ಮಕ್ಕಳು ಮನೆ ಬಿಟ್ಟಿದ್ದರೆ ಆ ಗುಂಪಿನ ಮಾತುಗಳು ಅವರ ಮೊಬೈಲಿಗೂ ಮುಟ್ಟುತ್ತವೆ, ಓದಿದ ಮಗು ವಾಪಸು ಬರಲು ಇನ್ನಷ್ಟು ಅಂಜುತ್ತದೆ. ಯಾರಿಗಾದರೂ ಏನಾದರೂ ನಿಜವಾಗಿ ಗೊತ್ತಿದ್ದರೆ ಗುಂಪಿನಲ್ಲಿ ಬರೆಯದೆ ಠಾಣೆಗೆ ಹೇಳಲಿ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದ ಹಿರಿಯರ ಮಾತನ್ನು ಅಡ್ಮಿನ್ ಗುಂಪಿನ ವಿವರಣೆಯಲ್ಲೇ ಬರೆದಿಡಲಿ, ಊಹೆಯ ಸಂದೇಶ ಬಂದೊಡನೆ ಅಳಿಸಲಿ. ಅಡ್ಮಿನ್‌ಗೆ ಆ ಅಧಿಕಾರ ವಾಟ್ಸ್‌ಆ್ಯಪ್ ಕೊಟ್ಟಿದೆ.

ಫೋಟೊದ ಮೇಲೆಯೇ ದಿನಾಂಕವನ್ನೂ ‘ಮೂರು ದಿನದ ನಂತರ ಹಂಚಬೇಡಿ’ ಎಂಬ ಸಾಲನ್ನೂ ಅಚ್ಚು ಹಾಕಿ. ಕೆಳಗೆ ಬರೆದ ಸಾಲು ಫಾರ್ವರ್ಡ್ ಆಗುವಾಗ ಕಳಚಿಹೋಗಬಹುದು, ಚಿತ್ರದಲ್ಲೇ ಇರುವುದು ಹೋಗುವುದಿಲ್ಲ. ಹಾಕಿದವರು ತಮ್ಮ ಸಂದೇಶವನ್ನು ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ತುಸು ಹೆಚ್ಚು ಸಮಯವಷ್ಟೇ ಇರುತ್ತದೆ. ಮಗು ಸಿಕ್ಕ ಗಳಿಗೆಯಲ್ಲಿ ಮೊದಲು ಅದನ್ನು ಅಳಿಸಿ, ‘ಸಿಕ್ಕಿದೆ, ಫೋಟೊ ತೆಗೆದುಹಾಕಿ’ ಎಂದು ಹೆಸರಿಲ್ಲದೆ ಬರೆಯಿರಿ. ಎಲ್ಲಿ ಸಿಕ್ಕಿತು, ಯಾರ ಜೊತೆ ಸಿಕ್ಕಿತು ಎಂಬುದನ್ನು ಬರೆಯಬೇಡಿ. ಮಗುವಿನ ಗುರುತು ಹೊರಗೆಡಹಿದವರಿಗೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಹಾಳೆಯನ್ನು ಕಿತ್ತು ತರಲು ಅದೇ ದಿನ ಒಬ್ಬರನ್ನು ಕಳಿಸಿ. ಸೋಮವಾರ ಆ ಮಗು ಅದೇ ಸ್ಟ್ಯಾಂಡಿನಿಂದ ಶಾಲೆಗೆ ಬಸ್ಸು ಹತ್ತಬೇಕು.