ವಿಟ್ರೆಕ್ಟಮಿ ಮಾಡಿಸಿಕೊಂಡ ಕಣ್ಣಾಸ್ಪತ್ರೆಗೆ ಐದರಲ್ಲಿ ನಾಲ್ಕು ಸ್ಟಾರ್

ಓದುವಾಗ ಎಡಗಣ್ಣಿಗೆ ಪದದ ನಡುವಿನ ಅಕ್ಷರವೇ ಮಾಯ, ಬಾಗಿಲ ಚೌಕಟ್ಟು ಸೊಟ್ಟ. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಹೋದರೆ ಮ್ಯಾಕ್ಯುಲರ್ ಹೋಲ್, ಅಂದರೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಟ್ಟನಡುವೆ ತೂತು! ಡಾಕ್ಟರ್ ಸ್ಕ್ಯಾನ್ ತೋರಿಸಿ ಬಿಡಿಸಿ ಹೇಳಿದರು: ಕಣ್ಣೊಳಗಿನ ಜೆಲ್ಲಿಯಂಥ ವಿಟ್ರಿಯಸ್ ತೆಗೆದು (ಇದೇ ವಿಟ್ರೆಕ್ಟಮಿ) ಗ್ಯಾಸ್ ತುಂಬಿದರೆ ತೂತು ಮುಚ್ಚಿಕೊಳ್ಳುತ್ತದೆ, ಆದರೆ ದೃಷ್ಟಿ ಪೂರ್ತಿ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಈ ನೇರ ಮಾತು ಇಷ್ಟವಾಯಿತು. ಪಕ್ಕದಲ್ಲಿ ಕೂತವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ಸೋರಿತ್ತು, ಇನ್ನೊಬ್ಬರಿಗೆ ರೆಟಿನಾನೇ ಕಳಚಿ ಬಂದಿತ್ತು, ಅವರದ್ದು ಅರ್ಜೆಂಟ್. ಮೂವರಿಗೂ ಇದೇ ಆಪರೇಷನ್.

ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟರು. ಎಚ್ಚರವಾಗಿಯೇ ಇದ್ದೆ, ನೋವಿಲ್ಲ. ಬಿಳಿಭಾಗದಲ್ಲಿ ಮೂರು ಪುಟ್ಟ ರಂಧ್ರ, ಹೊಲಿಗೆ ಬೇಕಾಗಲಿಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ಆಮೇಲಿನದಕ್ಕೆ. ಗ್ಯಾಸ್ ತೂತಿಗೆ ಒತ್ತಿಕೊಂಡಿರಲು ದಿನಗಟ್ಟಲೆ ತಲೆ ತಗ್ಗಿಸಿಯೇ ಇರಬೇಕು ಅನ್ನೋದನ್ನ ಡಿಸ್ಚಾರ್ಜ್ ಹೊತ್ತಲ್ಲಿ ಸುಮ್ನೆ ಒಂದು ಚೀಟಿ ಕೊಟ್ಟು ಹೇಳಿದರು, ಮೊದಲೇ ಹೇಳಬಹುದಿತ್ತು ಅಲ್ವಾ? ಕುತ್ತಿಗೆ ಕಲ್ಲಾಯಿತು. ಗ್ಯಾಸ್ ಕರಗೋವರೆಗೂ ವಿಮಾನ ಹತ್ತುವಂತಿಲ್ಲ, ಮೇಲೇರಿದರೆ ಅದು ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಮುಂದೆ ಪೊರೆ ಬೇಗ ಬರಬಹುದು ಅಂತಾನೂ ಹೇಳಿದ್ದಾರೆ. ಗ್ಯಾಸ್ ಕಡಿಮೆಯಾದಂತೆ ಕಣ್ಣೊಳಗೆ ನೀರಿನ ಮಟ್ಟದ ಗೆರೆಯೊಂದು ಅಲುಗಾಡುತ್ತಾ ದಿನದಿನ ಕೆಳಗಿಳಿಯಿತು, ಕೊನೆಗೆ ಪುಟ್ಟ ಗುಳ್ಳೆಯಾಗಿ ಒಂದು ಬೆಳಿಗ್ಗೆ ನಾಪತ್ತೆ. ಈಗ ಚೌಕಟ್ಟು ಹೆಚ್ಚುಕಡಿಮೆ ನೆಟ್ಟಗಿದೆ.