ಬಟ್ಟೆ ರೂಫಾ, ಮೆಟಲ್ ರೂಫಾ? ಎರಡೂ ಸಾಕಿ ನೋಡಿದವನ ಲೆಕ್ಕ

ಬೆಂಗಳೂರಲ್ಲಿ ರೂಫ್ ತೆಗೆಯುವ ಕಾರು ಇಟ್ಟುಕೊಂಡರೆ ಸಿಗ್ನಲ್‌ನಲ್ಲಿ ಜನ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ‘ಎಷ್ಟು ಕೊಡುತ್ತೆ?’. ಇನ್ನೊಂದು, ‘ಮಳೆ ಬಂದ್ರೆ?’. ಮೊದಲನೆಯದಕ್ಕೆ ಉತ್ತರ ಸುಲಭ. ಊರೊಳಗೆ ಲೀಟರಿಗೆ 7 ಅಥವಾ 8, ಮುಂದಿನ ಮಾತು ಬೇಡ. ಎರಡನೆಯದು ಮಾತ್ರ ಕಾರು ಕೊಳ್ಳುವ ಮೊದಲು ನಾನೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ.

ಮೊದಲು ನಾಲ್ಕು ವರ್ಷ ಬಿಎಂಡಬ್ಲ್ಯು ಝಡ್4 ಇತ್ತು. 2009ರಲ್ಲಿ ಬಂದ ಇ89 ತಲೆಮಾರಿನ 35ಐ, ಮಡಚಿಕೊಳ್ಳುವ ಅಲ್ಯೂಮಿನಿಯಂ ರೂಫಿನದು. ಈಗ ಮೂರು ವರ್ಷದಿಂದ ಪೋರ್ಷೆ ಬಾಕ್ಸ್‌ಸ್ಟರ್ ಇದೆ. 2012ರಲ್ಲಿ ಬಂದ 981 ತಲೆಮಾರು, 2.7 ಲೀಟರಿನದು, ಬಟ್ಟೆ ರೂಫ್. ಎರಡೂ ಸೆಕೆಂಡ್ ಹ್ಯಾಂಡ್. ಎರಡರಲ್ಲೂ ಎರಡೇ ಸೀಟು, ಆದ್ದರಿಂದ ಅತ್ತೆ ಮಾವನನ್ನು ಬಸ್ ಸ್ಟ್ಯಾಂಡಿಗೆ ಬಿಡುವ ಕೆಲಸ ತಪ್ಪಿದೆ.

ಓಟದ ವಿಷಯ ಬೇಗ ಮುಗಿಸುತ್ತೇನೆ. ಝಡ್4ದು ಮೂರು ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ, 306 ಎಚ್‌ಪಿ. ಬಾಕ್ಸ್‌ಸ್ಟರ್‌ಗೂ ಆರು ಸಿಲಿಂಡರ್, ಆದರೆ ಟರ್ಬೊ ಇಲ್ಲ, 265 ಎಚ್‌ಪಿ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100ರ ಮಿತಿ, ತಲೆ ಮೇಲೆ ಕ್ಯಾಮೆರಾ. ಅಲ್ಲಿ ಈ 41 ಎಚ್‌ಪಿ ವ್ಯತ್ಯಾಸ ಕಟ್ಟಿಕೊಂಡು ಏನು ಮಾಡಲಿ? ಚಾರ್ಮಾಡಿ ಘಾಟಿಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಬಾಕ್ಸ್‌ಸ್ಟರ್‌ನ ಇಂಜಿನ್ ನಮ್ಮ ಬೆನ್ನ ಹಿಂದೆಯೇ ಇರುವುದರಿಂದ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಇಡೀ ಕಾರು ಒಟ್ಟಿಗೆ ತಿರುಗುತ್ತದೆ. ಝಡ್4ದು ಉದ್ದ ಮೂತಿ. ನಾವು ಕೂರುವುದು ಹಿಂದಿನ ಚಕ್ರದ ಹತ್ತಿರ. ಮೂತಿ ಮೊದಲು ತಿರುವಿಗೆ ಹೋಗುತ್ತದೆ, ನಾವು ಆಮೇಲೆ. ಅದೂ ಒಂದು ಗತ್ತೇ, ಸುಳ್ಳು ಹೇಳಬಾರದು.

ಈಗ ರೂಫಿಗೆ ಬರೋಣ. ಝಡ್4ರ ರೂಫ್ ಮುಚ್ಚಿದರೆ ಅದು ಪೂರ್ತಿ ಮಾಮೂಲಿ ಕಾರು. ಒಳಗೆ ಸದ್ದಿಲ್ಲ, ಆಲಿಕಲ್ಲು ಬಿದ್ದರೂ ಎದೆ ಧಸಕ್ ಎನ್ನುವುದಿಲ್ಲ. ಮರದ ಕೆಳಗೆ ನಿಲ್ಲಿಸಿ ಹೋಗಬಹುದು. ವರ್ಷಕ್ಕೆರಡು ಸಲ ರಬ್ಬರ್ ಬೀಡಿಂಗ್ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದರೆ ಆಯಿತು. ಆದರೆ ರೂಫ್ ತೆಗೆಯಲು ಸುಮಾರು 20 ಸೆಕೆಂಡ್. ಮಡಚುವಾಗ ಮೇಲಕ್ಕೂ ಹಿಂದಕ್ಕೂ ಜಾಗ ಬೇಕು. ನಮ್ಮ ಬೇಸ್‌ಮೆಂಟಿನಲ್ಲಿ ತಲೆ ಮೇಲೇ ನೀರಿನ ಪೈಪ್, ಅಲ್ಲಿ ಆಗದ ಮಾತು. ಮಡಚಿದ ರೂಫ್ ಹೋಗಿ ಕೂರುವುದು ಡಿಕ್ಕಿಯಲ್ಲಿ. 310 ಲೀಟರ್ ಇದ್ದ ಡಿಕ್ಕಿ 180 ಆಗುತ್ತದೆ. ಸಾಮಾನಿಗೂ ರೂಫಿನ ಜಾಗಕ್ಕೂ ನಡುವೆ ಇರುವ ಅಡ್ಡ ಪರದೆ ಸರಿಯಾಗಿ ಇಳಿಸದಿದ್ದರೆ ರೂಫ್ ಅಲುಗುವುದೂ ಇಲ್ಲ.

ಇದು ಗೊತ್ತಾದದ್ದು ಚಿಕ್ಕಬಳ್ಳಾಪುರದ ರಸ್ತೆ ಪಕ್ಕ. ಬೆಂಗಳೂರು ಬ್ಲೂ ದ್ರಾಕ್ಷಿ ಎರಡು ಬಾಕ್ಸ್ ಕೊಂಡು ಡಿಕ್ಕಿಗೆ ಹಾಕಿ, ಸ್ಟೈಲಾಗಿ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ದ್ರಾಕ್ಷಿ ಮಾರುವವರು ‘ಕೆಟ್ಟೋಯ್ತಾ ಸಾರ್?’ ಎಂದರು. ಕಡೆಗೆ ಒಂದು ಬಾಕ್ಸ್ ಹೆಂಡತಿಯ ತೊಡೆ ಮೇಲೆ, ಇನ್ನೊಂದು ಅವಳ ಕಾಲ ಹತ್ತಿರ. ರೂಫ್ ತೆರೆಯಿತು, ಮನೆ ತನಕ ಅವಳ ಬಾಯಿ ತೆರೆಯಲಿಲ್ಲ. ನಾಲ್ಕು ವರ್ಷದಲ್ಲಿ ನಾನು ರೂಫ್ ತೆಗೆದು ಓಡಿಸಿದ್ದು ಬೆರಳೆಣಿಕೆಯ ಭಾನುವಾರಗಳಷ್ಟೇ.

ಬಾಕ್ಸ್‌ಸ್ಟರ್‌ನ ಬಟ್ಟೆ ರೂಫ್ 9 ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ, ಅದೂ 50 ಕಿ.ಮೀ. ವೇಗದ ತನಕ ಓಡುತ್ತಿರುವಾಗಲೇ. ಡಿಕ್ಕಿಯ ಜಾಗವನ್ನು ಮುಟ್ಟುವುದಿಲ್ಲ. ಮುಂದೆ 150 ಲೀಟರ್, ಹಿಂದೆ 130, ರೂಫ್ ಹೇಗಿದ್ದರೂ ಅಷ್ಟೇ. ಊರಿಂದ ಬಂದ ದೊಡ್ಡಪ್ಪ ‘ಬಾನೆಟ್ ಎತ್ತೋ, ಇಂಜಿನ್ ನೋಡೋಣ’ ಎಂದರು. ಎತ್ತಿದೆ, ನನ್ನ ಬಟ್ಟೆ ಬ್ಯಾಗಿತ್ತು. ಹಿಂದೆ ತೆಗೆದೆ, ತರಕಾರಿ ಚೀಲ. ‘ಮತ್ತೆ ಇದು ಓಡೋದು ಹೆಂಗೆ?’ ಎಂದು ಇವತ್ತಿಗೂ ಕೇಳುತ್ತಾರೆ. ಈ ಕಾರಿನಲ್ಲಿ ಹಾಲು ತರಲು ಹೋದರೂ ರೂಫ್ ತೆಗೆಯುತ್ತೇನೆ. ಬೆಳಗ್ಗೆ ಎಂಟರೊಳಗೆ, ಮಾರ್ಚ್ ಬಿಸಿಲು ಏರುವ ಮೊದಲು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮಂಜಿನಲ್ಲಿ ಹೊರಟರೆ, ಕಿವಿ ಹಿಂದೆಯೇ ಇಂಜಿನ್ ಹಾಡುತ್ತಿರುತ್ತದೆ. ಇದಕ್ಕೇ ಅಲ್ವಾ ಇಂಥ ಕಾರು ಕೊಳ್ಳುವುದು?

ಆದರೆ ಬಟ್ಟೆ ಸುಮ್ನೆ ಬಿಡುವುದಿಲ್ಲ. ಒದ್ದೆ ಇದ್ದಾಗ ಮಡಚಿ ಇಟ್ಟರೆ ಬೂಷ್ಟು, ಕಲೆ. ಹಕ್ಕಿ ಹಿಕ್ಕೆ ಬಿದ್ದರೆ ಒರೆಸಿ ಉಜ್ಜಬಾರದು, ನೆನೆಸಿ ಮೆತ್ತನೆ ಬ್ರಷ್‌ನಲ್ಲಿ ಎತ್ತಬೇಕು. ವರ್ಷಕ್ಕೊಮ್ಮೆ ನೀರು ತಡೆಯುವ ಸ್ಪ್ರೇ ಹೊಡೆಯುತ್ತೇನೆ. ಒಂದು ವಾಟರ್ ಸರ್ವಿಸ್‌ನವರು ನಾನು ಟೀ ಕುಡಿದು ಬರುವಷ್ಟರಲ್ಲಿ ಪ್ರೆಶರ್ ಪೈಪನ್ನು ನೇರ ಬಟ್ಟೆಗೇ ಹಿಡಿದಿದ್ದರು. ಅಂದಿನಿಂದ ನಾನೇ ತೊಳೆಯುತ್ತೇನೆ.

ನಿಜವಾದ ಶತ್ರು ಎಲೆ. ರೂಫ್ ಮೇಲಿನ ನೀರು ಹಿಂಬದಿ ಮೂಲೆಯ ಸಣ್ಣ ತೂತುಗಳಿಂದ ಕೆಳಗಿಳಿಯಬೇಕು. ಗೆಳೆಯನ ಮನೆ ಮುಂದೆ ಗುಲ್‌ಮೊಹರ್ ಕೆಳಗೆ ಒಂದು ವಾರ ನಿಲ್ಲಿಸಿದ್ದೆ. ಎಲೆ ಹೂವು ಸೇರಿ ತೂತು ಕಟ್ಟಿಕೊಂಡು, ಮೇ ತಿಂಗಳ ಸಂಜೆ ಮಳೆಗೆ ಸೀಟಿನ ಹಿಂದಿನ ಕಾರ್ಪೆಟ್ ಒದ್ದೆ. ತಪ್ಪು ನನ್ನದೇ. ಈಗ ರೂಫನ್ನು ಅರ್ಧ ತೆಗೆದು ನಿಲ್ಲಿಸಿ, ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ನಿಧಾನಕ್ಕೆ ತೂರಿಸುತ್ತೇನೆ. ತಂತಿ ಬೇಡ, ಪೈಪ್ ಹರಿದೀತು.

ಮಿಕ್ಕಿದ್ದರಲ್ಲಿ ಎರಡೂ ಅಕ್ಕತಂಗಿಯರು. ಸ್ಟೆಪ್ನಿ ಇಲ್ಲ, ಆಯಿಲ್ ನೋಡುವ ಕಡ್ಡಿ ಇಲ್ಲ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕಡಿಮೆ ಓಡುವ ಕಾರಿನ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ನೋಡಿ: ಅದು ತಯಾರಾದ ವಾರ, ವರ್ಷ. ಬಾಕ್ಸ್‌ಸ್ಟರ್ ಕೊಳ್ಳುವವರಿಗೆ ಒಂದು ಮಾತು. ಬ್ಯಾಟರಿ ಇರುವುದು ಮುಂದಿನ ಬಾನೆಟ್ ಒಳಗೆ, ಆ ಬಾನೆಟ್ ತೆಗೆಯುವುದಕ್ಕೂ ಕರೆಂಟೇ ಬೇಕು. ತಿಂಗಳು ನಿಲ್ಲಿಸಿ ಬಂದಾಗ ಬೆಪ್ಪಾಗಿ ನಿಂತಿದ್ದೆ. ಕಾಲಿಡುವ ಜಾಗದ ಫ್ಯೂಸ್ ಬಾಕ್ಸ್‌ನಲ್ಲಿ ಹೊರಕ್ಕೆ ಎಳೆಯುವ ಒಂದು ಟರ್ಮಿನಲ್ ಇದೆ, ಅಲ್ಲಿಗೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಬಾನೆಟ್ ತೆರೆಯುತ್ತದೆ. ನಾನೀಗ ಬ್ಯಾಟರಿಗೆ ನಿಧಾನಕ್ಕೆ ಕರೆಂಟ್ ತುಂಬುತ್ತಿರುವ ಟ್ರಿಕಲ್ ಚಾರ್ಜರ್ ಹಾಕಿಯೇ ಊರಿಗೆ ಹೋಗುತ್ತೇನೆ.

ನನ್ನ ಓಟು ಬಟ್ಟೆಗೆ. ಆದರೆ ನಮ್ಮ ಅಪಾರ್ಟ್‌ಮೆಂಟಿಗೆ ಬೇಸ್‌ಮೆಂಟ್ ಇಲ್ಲದೆ, ರಸ್ತೆಯಲ್ಲಿ ಮರದ ಕೆಳಗೆ ನಿಲ್ಲಿಸಬೇಕಾಗಿದ್ದರೆ, ಝಡ್4 ಮಾರುತ್ತಲೇ ಇರಲಿಲ್ಲ.