ಕೆಳಗೆ ಖಾನಾವಳಿ, ಮೇಲೆ ನಮ್ಮ ಮನೆ: ಕುಮಟಾ ಸ್ಟೇಷನ್ ಹತ್ತಿರ ಹದಿನಾಲ್ಕು ತಿಂಗಳು

ಬಾಡಿಗೆ ತಿಂಗಳಿಗೆ 8,500. ಡಿಪಾಸಿಟ್ 50,000. ಎರಡನೇ ಮಹಡಿ, ಎರಡು ರೂಮು, ಒಂದು ಹಾಲ್, ಅಡುಗೆಮನೆ, ಪಶ್ಚಿಮಕ್ಕೆ ಸಣ್ಣ ಬಾಲ್ಕನಿ. ಕುಮಟಾ ರೈಲ್ವೆ ಸ್ಟೇಷನ್ನಿಗೆ ನನ್ನ ನಡಿಗೆಯಲ್ಲಿ ಆರು ನಿಮಿಷ, ನನ್ನ ಅಮ್ಮನ, ನಮ್ಮ ಮಾತಿನಲ್ಲಿ ಆಯಿಯ, ನಡಿಗೆಯಲ್ಲಿ ಹದಿನೈದು.

ಈ ಕಟ್ಟಡದಲ್ಲಿ ಮನೆ ಹಿಡಿಯಬಹುದಾ ಅಂತ ಮೂರು ಜನ ನನ್ನನ್ನು ಕೇಳಿದ್ದಾರೆ. ಎಲ್ಲರಿಗೂ ಅರ್ಧರ್ಧ ಹೇಳಿದೆ. ಈಗ ಕೂತು ಪೂರ್ತಿ ಬರೆಯುತ್ತಿದ್ದೇನೆ. ಕಟ್ಟಡದ ಹೆಸರು, ಮಾಲೀಕರ ಹೆಸರು ಇಲ್ಲಿ ಬೇಡ. ನೆಲಮಾಳಿಗೆ ಇಲ್ಲ, ಲಿಫ್ಟ್ ಇಲ್ಲ. ರಸ್ತೆ ಮಟ್ಟಕ್ಕೆ ಐದು ಶಟರ್. ಒಂದು ಕಿರಾಣಿ, ಒಂದು ಮೆಡಿಕಲ್, ಒಬ್ಬರು ಟೇಲರ್, ಒಂದು ಝೆರಾಕ್ಸ್ ಅಂಗಡಿ, ಮೂಲೆಗೆ ಮೀನೂಟದ ಖಾನಾವಳಿ. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಮತ್ತು ಹೈಸ್ಕೂಲು ಮಕ್ಕಳ ಟ್ಯೂಷನ್. ಅದರ ಮೇಲೆ ಎರಡು ಮಹಡಿಗಳಲ್ಲಿ ಆರು ಮನೆ.

ನಾವು ಮೊದಲು ಇದ್ದದ್ದು ಕುಮಟಾ ಹತ್ತಿರದ ಹೆಗಡೆ ಎಂಬ ಊರಿನಲ್ಲಿ, ಅಣ್ಣನ ಜೊತೆ, ಹಂಚಿನ ಮನೆಯಲ್ಲಿ. ತೋಟ, ಬಾವಿ, ಅಂಗಳ ಎಲ್ಲ ಇತ್ತು. ಆದರೆ ಆಯಿಗೆ ಈಗ 78. ಎರಡೂ ಕಣ್ಣಿಗೆ ತೊಂದರೆ, ಎಡ ಮೊಣಕಾಲು ನೋವು. ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಅನ್ನುವ ಕೂಗು ಎಷ್ಟು ವರ್ಷದ್ದು ಅಂತ ನಿಮಗೆಲ್ಲ ಗೊತ್ತು. ಅದು ಆಗುವವರೆಗೆ ಕರಾವಳಿಯ ನಮ್ಮಂಥವರಿಗೆ ಉಡುಪಿ, ಮಂಗಳೂರಿನ ರೈಲೇ ಗತಿ. ಹೆಗಡೆಯಿಂದ ಸ್ಟೇಷನ್ನಿಗೆ ಆಟೋ ಹೇಳಬೇಕು. ಬೆಳಗಿನ ಜಾವದ ಆಟೋ ಸಿಗುತ್ತದೋ ಇಲ್ಲವೋ ಅಂತ ಹಿಂದಿನ ರಾತ್ರಿಯಿಡೀ ಆಯಿ ಮಲಗುತ್ತಿರಲಿಲ್ಲ.

ಮನಸ್ಸು ಗಟ್ಟಿಯಾದದ್ದು 2024ರ ಮಳೆಗಾಲದಲ್ಲಿ. ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಂಕೋಲಾ ಕಡೆಗಿನ ಹೆದ್ದಾರಿ ಎಷ್ಟೋ ದಿನ ಬಂದ್ ಆಯಿತು. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಆಡಿಟ್ ಕಾಗದ ಹಿಡಿದು ಕಾರವಾರಕ್ಕೆ ಹೋಗಲೇಬೇಕಿತ್ತು. ರೈಲಿನಲ್ಲಿ ಹೋದೆ. ಆ ಗುಡ್ಡದ ಮಣ್ಣು ಬಿದ್ದ ಗಂಗಾವಳಿ ಹೊಳೆ ದಾಟುವಾಗ ಇಡೀ ಬೋಗಿ ಸುಮ್ಮನಾಯಿತು, ಯಾರೂ ಮಾತಾಡಲಿಲ್ಲ. ಕಾರವಾರದಲ್ಲಿ ಇಳಿದರೆ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಆರೇಳು ಕಿಲೋಮೀಟರ್ ಆಚೆ. ಅಲ್ಲಿಂದ ಮತ್ತೆ ಆಟೋ. ರೈಲು ಉಳಿಸಿದ ಹೊತ್ತಿನಲ್ಲಿ ಅರ್ಧ ಅಲ್ಲೇ ಹೋಯಿತು. ವಾಪಸ್ ಬರುವಾಗ ಕಿಟಕಿಯ ಹತ್ತಿರ ಕೂತು ಅದನ್ನೇ ಯೋಚಿಸುತ್ತಿದ್ದೆ. ರೈಲು ಇದ್ದರೆ ಸಾಲದು, ಮನೆ ಅದರ ಹತ್ತಿರ ಇರಬೇಕು. ಸೆಪ್ಟೆಂಬರಿನಲ್ಲಿ ಈ ಮನೆಗೆ ಬಂದೆವು.

ನಮ್ಮ ಕಡೆ ಸ್ಟೇಷನ್ನುಗಳು ಊರಿನಿಂದ ದೂರ ಇರುವುದಕ್ಕೆ ಕಾರಣವೂ ಇದೆ. ನಮ್ಮ ಊರುಗಳು ಬೆಳೆದದ್ದು ಕಡಲಂಚಿಗೆ, ಹೊಳೆ ಸೇರುವ ಬಾಯಿಗೆ, ದೋಣಿ ಬರುವ ಕಾಲದಲ್ಲಿ. ರೈಲು ಬಂದದ್ದು ಬಹಳ ತಡವಾಗಿ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಕೊಂಕಣ ರೈಲಿನ ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ಕ್ಕೆ. ಅದು ಘಟ್ಟದ ಬುಡಕ್ಕೂ ಊರಿಗೂ ನಡುವೆ ನೇರ ದಾರಿ ಹುಡುಕಿಕೊಂಡು ಹೋಯಿತು. ಹೊನ್ನಾವರದಲ್ಲಿ ಶರಾವತಿ ಮೇಲಿನ ಸೇತುವೆಯೇ 2 ಕಿಲೋಮೀಟರಿಗಿಂತ ಉದ್ದ. ಅಂಥ ಕೆಲಸದಲ್ಲಿ ಪ್ರತಿ ಪೇಟೆಯ ನಡುವೆ ಹಾದುಹೋಗಲು ಆಗುತ್ತಿರಲಿಲ್ಲ. ಗೋಕರ್ಣ ರೋಡ್ ಅಂತ ಹೆಸರಿನಲ್ಲೇ ‘ರೋಡ್’ ಇಟ್ಟುಕೊಂಡ ಸ್ಟೇಷನ್ನಿನಲ್ಲಿ ಇಳಿದವರಿಗೆ ಗೋಕರ್ಣ ಇನ್ನೂ ಎಷ್ಟು ದೂರ ಅಂತ ಗೊತ್ತು. ಸ್ಟೇಷನ್ನನ್ನು ಎತ್ತಿ ತಂದು ಪೇಟೆಯಲ್ಲಿ ಇಡಲಾಗದು. ಮನೆ, ಅಂಗಡಿಗಳೇ ಅದರ ಹತ್ತಿರ ಹೋಗಬೇಕು.

ಮಗ ಇರುವುದು ನವಿ ಮುಂಬೈಯಲ್ಲಿ, ಕಟ್ಟಡದ ನಕ್ಷೆ ಬರೆಯುವ ಕೆಲಸ. ಅಲ್ಲಿಗೆ ಹೋದಾಗ ವಾಶಿ ಸ್ಟೇಷನ್ ತೋರಿಸಿದ್ದ. ರೈಲು ಕೆಳಗೆ, ಆಫೀಸುಗಳು ಅದರ ನೆತ್ತಿಯ ಮೇಲೆ. ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊದವರು ಹೊಸ ಊರು ಕಟ್ಟುವಾಗಲೇ ಹಾಗೆ ಯೋಚಿಸಿದ್ದರಂತೆ. ಅಲ್ಲಿಗೆ ರೈಲು ಬಂದದ್ದು 1992ರಲ್ಲಿ. ಜಪಾನಿನ ಒಸಾಕಾದ ಕಥೆಯನ್ನೂ ಅವನೇ ಹೇಳಿದ. ಇಚಿಜೊ ಕೊಬಾಯಾಶಿ ಎಂಬವರು 1910ರಲ್ಲಿ ಗದ್ದೆ ಬಯಲಿನಲ್ಲಿ ರೈಲು ಓಡಿಸಿದರು. ಹತ್ತುವವರು ಇರಲಿಲ್ಲ. ಅದಕ್ಕೆ ಹಳಿಯ ಪಕ್ಕದಲ್ಲೇ ಮನೆ ಕಟ್ಟಿಸಿ ತಿಂಗಳ ಕಂತಿನಲ್ಲಿ ಮಾರಿದರು. ಮನೆ ಬಂತು, ಜನ ಬಂದರು, ರೈಲು ತುಂಬಿತು. ನಮ್ಮ ಸ್ಟೇಷನ್ನುಗಳ ಸುತ್ತಲೂ ಗದ್ದೆಯೇ ಅಲ್ವಾ? ಗದ್ದೆಯನ್ನೆಲ್ಲ ಮುಚ್ಚಿ ಅಂತ ನಾನು ಹೇಳುವುದಿಲ್ಲ. ಒಂದೊಂದು ಮನೆಗೆ ಹತ್ತು ಗುಂಟೆ ತಿನ್ನುವ ಬದಲು, ಮೂರು ಮಹಡಿಯಲ್ಲಿ ಆರು ಸಂಸಾರ ಇದ್ದರೆ ಗದ್ದೆ ಉಳಿಯುತ್ತದೆ.

ಈಗ ಮನೆಯ ವಿಷಯ.

ಮೊದಲ ತಿಂಗಳು ಆಯಿ ಹೊರಗೇ ಬರಲಿಲ್ಲ. ನಮ್ಮ ಮನೆಯಲ್ಲಿ ಮೀನಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಕೆಳಗೆ ಬಂಗಡೆ ಹುರಿಯಲು ಶುರು ಮಾಡಿದರೆ ಹೊಗೆ ಸೀದಾ ನಮ್ಮ ಬಾಲ್ಕನಿಗೆ. ಖಾನಾವಳಿಯ ಹೊಗೆ ಪೈಪು ಮೊದಲ ಮಹಡಿಯ ಕಿಟಕಿ ಎತ್ತರಕ್ಕೆ ನಿಂತಿತ್ತು. ಒಣಹಾಕಿದ ಸೀರೆಗೂ ವಾಸನೆ. ಆಯಿ ಊಟ ಬಿಟ್ಟು ಎದ್ದದ್ದೂ ಉಂಟು. ಮಾಲೀಕರಿಗೆ ನಾಲ್ಕು ಸಲ ಹೇಳಿದೆ. “ನೋಡುವಾ” ಅಂದರು, ನೋಡಲಿಲ್ಲ. ಕೊನೆಗೆ ನಾನು ಮತ್ತು ಹಲ್ಲಿನ ಡಾಕ್ಟರು ಸೇರಿ ಖಾನಾವಳಿಯವರ ಹತ್ತಿರವೇ ಮಾತಾಡಿದೆವು. ಅವರು ಅರ್ಧ ಖರ್ಚು ಹಾಕಿದರು, ಉಳಿದದ್ದನ್ನು ಮಾಲೀಕರು ಬಾಡಿಗೆಯಲ್ಲಿ ಮುರಿದರು. ಪೈಪು ಈಗ ತಾರಸಿಯ ಮೇಲೆ ಹೋಗಿದೆ. ವಾಸನೆ ಪೂರ್ತಿ ಹೋಗಿಲ್ಲ. ಪಡುವಣ ಗಾಳಿ ಬೀಸಿದ ದಿನ ಬಾಲ್ಕನಿ ಬಾಗಿಲು ಹಾಕಬೇಕು. ಆದರೆ ಊಟಕ್ಕೆ ಕೂರಬಹುದು.

ಆ ಖಾನಾವಳಿ ಬೇಡ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಯಾಕೆ ಅಂದರೆ, ಮುಂಬೈಯ ಮತ್ಸ್ಯಗಂಧ ರೈಲು ನಮ್ಮೂರಿಗೆ ಬರುವುದು ಬೆಳಕು ಹರಿಯುವ ಮುಂಚೆ. ಮುಂಬೈಯಿಂದ ಬಂದವರಿಗೆ ಚಾ ಸಿಗಲಿ ಅಂತ ಅವರು ಆ ಹೊತ್ತಿಗೆ ಅರ್ಧ ಶಟರ್ ಎತ್ತುತ್ತಾರೆ. ಆ ಒಂದು ಬಲ್ಬು ಇಡೀ ರಸ್ತೆಗೆ ಧೈರ್ಯ. ಹಿಂದೆ ಮಗ ಬರುವ ದಿನ ಅಣ್ಣ ಹೆಗಡೆಯಿಂದ ಸ್ಕೂಟರಿನಲ್ಲಿ ಬರಬೇಕಿತ್ತು. ಈಗ ಮಗ ಬ್ಯಾಗು ಹೆಗಲಿಗೆ ಹಾಕಿಕೊಂಡು ನಡೆದೇ ಬರುತ್ತಾನೆ. ಪಕ್ಕದ ಮನೆಯ ಹುಡುಗಿ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಅವಳೂ ರಾತ್ರಿ ರೈಲಿಳಿದು ಒಬ್ಬಳೇ ಬರುತ್ತಾಳೆ. ಝೆರಾಕ್ಸ್ ಅಂಗಡಿಯವರು ರಾತ್ರಿ ಹತ್ತರವರೆಗೆ ಇರುತ್ತಾರೆ, ಟೇಲರ್ ಮಷೀನಿನ ಸದ್ದು ಒಂಬತ್ತೂವರೆವರೆಗೆ ಕೇಳುತ್ತದೆ. ಬರೀ ಮನೆಗಳಿದ್ದ ಕಟ್ಟಡವಾಗಿದ್ದರೆ ಎಂಟಕ್ಕೆಲ್ಲ ಗೇಟು ಮುಚ್ಚಿ ರಸ್ತೆ ಕತ್ತಲಾಗುತ್ತಿತ್ತು.

ಎರಡನೇ ತಿಂಗಳಲ್ಲಿ ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಮನೆಗೆ ಬೀಗ. ಎದೆ ಧಸಕ್ಕೆಂದಿತು. ಕೆಳಗೆ ಓಡಿದರೆ ಆಯಿ ಮೆಡಿಕಲ್ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಕಣ್ಣಿನ ಹನಿಮದ್ದು. “ಕೂಸೇ, ಆನೊಬ್ಬಳೇ ಬಂದೆ” ಅಂದಳು. ಹೆಗಡೆಯಲ್ಲಿ ಐದಾರು ವರ್ಷದಿಂದ ಒಂದು ಸೋಪು ಬೇಕಾದರೂ ನಮ್ಮಿಬ್ಬರಲ್ಲಿ ಒಬ್ಬರ ದಾರಿ ಕಾಯುತ್ತಿದ್ದವಳು. ಈಗ ಕಿರಾಣಿಗೂ ಅವಳೇ ಹೋಗುತ್ತಾಳೆ, ಬೆಲೆ ಕೇಳಿ ತಗಾದೆಯನ್ನೂ ಮಾಡುತ್ತಾಳೆ. ಖಾನಾವಳಿಯಾಕೆ ದಿನಾ “ಅಜ್ಜೀ, ಕಾಲು ಹೆಂಗಿದ್ದು?” ಅಂತ ಕೇಳುತ್ತಾರೆ. ಅಲ್ಲಿ ಆಯಿ ಏನನ್ನೂ ತಿನ್ನುವುದಿಲ್ಲ. ಆದರೆ ಹೋದ ಶ್ರಾವಣದಲ್ಲಿ ಅಪ್ಪೆಹುಳಿ ಮಾಡಿದಾಗ ಒಂದು ಪಾತ್ರೆ ಅವರಿಗೆ ಕೊಟ್ಟು ಬಂದಳು. ವಾರಕ್ಕೆರಡು ಸಂಜೆ ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಸ್ಟೇಷನ್ ಬೆಂಚಿನ ಮೇಲೆ ಕೂರುತ್ತಾಳೆ. ಸರಿಯಾಗಿ ಕಾಣದಿದ್ದರೂ ರೈಲು ಬರುವುದನ್ನು ನೋಡಬೇಕು ಅವಳಿಗೆ.

ಮಗ ಹೇಳುವ ಲೆಕ್ಕದಲ್ಲಿ ನನಗೊಂದು ತಕರಾರಿದೆ. ಸ್ಟೇಷನ್ ಸುತ್ತ ಒತ್ತಾಗಿ ಮನೆ, ಅಂಗಡಿ, ಆಫೀಸು ಸೇರಿಸಿ ಕಟ್ಟಬೇಕು ಅಂತ ಕೇಂದ್ರ ಸರ್ಕಾರ 2017ರಲ್ಲೇ ಒಂದು ನೀತಿ ಮಾಡಿದೆ. ಅದರಲ್ಲಿ 500ರಿಂದ 800 ಮೀಟರ್ ಅಂದರೆ ನಡೆಯುವ ದೂರ. ಯಾರು ನಡೆಯುವ ದೂರ? ನನಗೆ ಸರಿ. ಆಯಿಗೆ 800 ಮೀಟರ್ ಅಂದರೆ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕು. ಅದೂ ಬೇಸಿಗೆಯಲ್ಲಿ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಜೂನ್, ಜುಲೈ, ಆಗಸ್ಟಿನಲ್ಲೇ ಸುರಿಯುತ್ತದೆ. ಗಾಳಿಗೆ ಕೊಡೆ ತಿರುಗಿ ನಿಲ್ಲುತ್ತದೆ. ನಮ್ಮ ಕಟ್ಟಡದ ಅಂಗಡಿಗಳಿಗೆ ಒಂದೂವರೆ ಮಾರು ಚಜ್ಜಾ ಇದೆ, ಅದರಡಿ ಚಂಡಿಯಾಗದೆ ಹೋಗಬಹುದು. ಪಕ್ಕದ ಎರಡು ಕಟ್ಟಡಗಳಿಗೂ ಇದೆ. ಆಮೇಲೆ ಇನ್ನೂರು ಹೆಜ್ಜೆ ಬಯಲು. ಅಂಗಡಿ ಮುಗಿದ ಜಾಗಕ್ಕೆ ಬೆಳಕೂ ಮುಗಿಯುತ್ತದೆ, ಕಾಲುದಾರಿಯೂ ಮುಗಿಯುತ್ತದೆ. ಜುಲೈಯಲ್ಲಿ ಮಣಿಪಾಲಕ್ಕೆ ಹೋಗುವ ದಿನ ಆ ಇನ್ನೂರು ಹೆಜ್ಜೆಗಾಗಿ ಆಟೋ ಮಾಡಿದೆ. ಆ ಉದ್ದಕ್ಕೆ ಒಂದು ತಗಡಿನ ಮಾಡು, ಎರಡು ಕಲ್ಲುಬೆಂಚು ಇದ್ದರೆ ಸಾಕು. ಆಯಿಯಂಥ ನೂರು ಜನ ಈ ಊರಲ್ಲಿ ರೈಲು ಹತ್ತಬಹುದು.

ಇನ್ನು ಈ ಕಟ್ಟಡದ ದೊಡ್ಡ ಹುಳುಕು. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಸೆಪ್ಟಿಕ್ ಟ್ಯಾಂಕ್. ಆರು ಮನೆ, ಹಲ್ಲಿನ ಡಾಕ್ಟರು, ಟ್ಯೂಷನ್ನಿನ ನಲವತ್ತು ಮಕ್ಕಳು, ಖಾನಾವಳಿ, ಎಲ್ಲ ಅದಕ್ಕೇ. ಖಾನಾವಳಿಯ ಎಣ್ಣೆ, ಅನ್ನದ ತಿಳಿ ಹೋಗಿ ಪೈಪಿನಲ್ಲಿ ಗಟ್ಟಿಯಾಗುತ್ತಿತ್ತು. ಬೇಸಿಗೆಯಲ್ಲಿ ಇಂಗುಗುಂಡಿ ಹೇಗೋ ಕುಡಿಯುತ್ತಿತ್ತು. ಮಳೆ ಬಿದ್ದು ನೆಲದಡಿಯ ನೀರು ಮೇಲೆ ಬಂದ ಮೇಲೆ ಗುಂಡಿ ಏನನ್ನೂ ಇಂಗಿಸುವುದಿಲ್ಲ. ಜೂನ್ ಎರಡನೇ ವಾರ ಉಕ್ಕಿತು. ಮೆಟ್ಟಿಲ ಬುಡಕ್ಕೇ. ಮೂರು ದಿನ ಖಾನಾವಳಿ ಮುಚ್ಚಿತು, ಟ್ಯೂಷನ್ ನಿಂತಿತು. ಆಯಿಯನ್ನು ಅಣ್ಣನ ಮನೆಗೆ ಕಳಿಸಿದೆ. “ಮಳೆಗಾಲ ಅಲ್ವಾ, ಎಲ್ಲ ಕಡೆ ಹೀಗೇ” ಅಂತ ಮಾಲೀಕರು ಅಂದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಆರು ಮನೆಯವರೂ ಕೂಡಿ ಹೋಗಿ ಕೇಳಿದ ಮೇಲೆ ಟ್ಯಾಂಕ್ ಖಾಲಿ ಮಾಡುವ ಲಾರಿ ಬಂತು. ಅಕ್ಟೋಬರಿನಲ್ಲಿ ಖಾನಾವಳಿಗೆ ಬೇರೆ ಟ್ಯಾಂಕ್ ತೋಡಿಸಿದರು. ನೀರು ಆ ಟ್ಯಾಂಕಿಗೆ ಸೇರುವ ಮುಂಚೆ ಎಣ್ಣೆ ತಡೆಯುವ ಒಂದು ಸಣ್ಣ ತೊಟ್ಟಿ ಕಟ್ಟಿಸಿದರು. ಮುಂದಿನ ಜೂನ್‌ ಬಂದಾಗಲೇ ಅದರ ಪರೀಕ್ಷೆ.

ಸ್ಟೇಷನ್ ಹತ್ತಿರ ಹೆಚ್ಚು ಮಹಡಿಗೆ ಅನುಮತಿ ಕೊಡಬೇಕು ಅಂತ ಮಗ ವಾದ ಮಾಡುತ್ತಾನೆ. ನಾನೂ ಒಪ್ಪುತ್ತೇನೆ. ಆದರೆ ಮೇಲಿನ ಮಹಡಿ ಎಣಿಸುವ ಮುಂಚೆ ಕೆಳಗಿನ ಗುಂಡಿ, ಗಟಾರ ಎಣಿಸಬೇಕು.

ನೀರು ಪರವಾಗಿಲ್ಲ. ಬಾವಿ ನೀರು ಏಪ್ರಿಲ್ ಕೊನೆಯವರೆಗೆ ಬರುತ್ತದೆ. ಮೇ ತಿಂಗಳಲ್ಲಿ ವಾರಕ್ಕೊಂದು ಟ್ಯಾಂಕರ್, ಖರ್ಚು ಎಂಟು ಪಾಲು. ರೈಲಿನ ಸದ್ದು ಹದಿನೈದು ದಿನಕ್ಕೆ ಅಭ್ಯಾಸವಾಗುತ್ತದೆ. ಸಂಜೆ ಟ್ಯೂಷನ್ ಮಕ್ಕಳ ಸೈಕಲ್ಲುಗಳು ಮೆಟ್ಟಿಲ ಬಾಯಿಗೇ ನಿಲ್ಲುತ್ತವೆ. ಆಯಿ ಒಮ್ಮೆ ಎಡವಿದ ಮೇಲೆ ಒಂದು ಹಳದಿ ಗೆರೆ ಎಳೆಸಿದ್ದೇವೆ, ಮಕ್ಕಳು ಪಾಲಿಸುತ್ತಾರೆ. ಮೆಟ್ಟಿಲು ಅಗಲ ಇದೆ, ಎರಡೂ ಬದಿಗೆ ಹಿಡಿಕೆ ಇದೆ. ಆದರೆ ಲಿಫ್ಟ್ ಇಲ್ಲ ಅನ್ನುವುದು ಇನ್ನು ಎರಡು ಮೂರು ವರ್ಷಕ್ಕೆ ನಮ್ಮನ್ನು ಕಾಡಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಟ್ಯಾಂಕ್ ಉಕ್ಕಿದ ವಾರ ಕೇಳಿದ್ದರೆ ಎರಡು ಕೊಡುತ್ತಿದ್ದೆ.

ಮೂರನೇ ಮಹಡಿಯ ಪೂರ್ವದ ಮನೆ ಮುಂದಿನ ತಿಂಗಳು ಖಾಲಿಯಾಗುತ್ತಿದೆ. ಆ ಬದಿಗೆ ಹೊಗೆ ಕಡಿಮೆ, ಬೆಳಗಿನ ಬಿಸಿಲು ಬರುತ್ತದೆ. ನೋಡಲು ಹೋಗುವುದಾದರೆ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ, ಮೀನು ಹುರಿಯುವ ಹೊತ್ತಿಗೆ. ಹೊಸ ಟ್ಯಾಂಕಿನ ಮುಚ್ಚಳ ಎಲ್ಲಿದೆ ಅಂತ ಕೇಳಿ ನೋಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಅಲ್ಲಿಂದ ಸ್ಟೇಷನ್ನಿಗೆ ಅವರ ಜೊತೆ ಒಮ್ಮೆ ನಡೆದು ಹೊತ್ತು ನೋಡಿಕೊಳ್ಳಿ.